ನಡೆಯುವ ಯಂತ್ರದಲ್ಲಿ ಆದೇಶವಿಧಿ

ಹುಬ್ಬಳ್ಳಿಯಿಂದ ನರಗುಂದದ ಮಾರ್ಗವಾಗಿ ವಿಜಯಪುರ, ಸೊಲ್ಲಾಪುರಗಳ ಕಡೆಗೆ ಸಾಗುವ ಹೆದ್ದಾರಿಯಿಂದ ಬಾದಾಮಿಯ ದಾರಿಯು ಕವಲೊಡೆಯುವ ತಾಣವೇ ನಮ್ಮ ಕುಳಗೇರಿ ಕ್ರಾಸ್. ಇಲ್ಲಿ ರಸ್ತೆಗೆ ಡಾಂಬರು ಹಾಕುವ ಪ್ರಸಂಗ ಬಂದರೆ, ರಸ್ತೆಯನ್ನು ಪೂರ್ಣವಾಗಿ ಮುಚ್ಚಿ ಕೆಲಸ ಮಾಡುವಂತಿಲ್ಲ. ಒಂದು ಮಗ್ಗುಲಿಗೆ ಕಲ್ಲಿಟ್ಟು ತಡೆದು, ಇನ್ನೊಂದು ಮಗ್ಗುಲಲ್ಲಿ ವಾಹನಗಳನ್ನು ಬಿಡುತ್ತ, ಕೆಲಸ ಮುಗಿದ ಮೇಲೆ ಮಗ್ಗುಲನ್ನು ಬದಲಿಸುತ್ತ ಸಾಗಬೇಕಾಗುತ್ತದೆ. ಇಂಥದೇ ಒಂದು ಇಕ್ಕಟ್ಟು ಗಣಕಯಂತ್ರಗಳ ಲೋಕದಲ್ಲಿಯೂ ಉಂಟು. ಸಾವಿರಾರು ಜನ ಏಕಕಾಲದಲ್ಲಿ ಉಪಯೋಗಿಸುತ್ತಿರುವ ಸರ್ವರ್ ಎಂಬ ಯಂತ್ರದಲ್ಲಿ, ಅದು ನಡೆಯುತ್ತಿರುವಾಗಲೇ ಅದರ ಕ್ರಮವಿಧಿಯ ಒಂದು ಭಾಗವನ್ನು ತೆಗೆದು ತಿದ್ದಿದ ಭಾಗವನ್ನು ಕೂಡಿಸುವುದು ಹೇಗೆ? ಇದೇ ಪ್ರಸ್ತುತ ಲೇಖನದ ವಿಷಯ.

ವ್ಯಾಕರಣವನ್ನು ಓದಿದವನು ಈ ವಿಷಯಕ್ಕೆ ಕೈಹಾಕುವುದೇಕೆಂದು ವಾಚಕ ಮಹಾಶಯರು ಕೇಳಬಹುದು. ಕಾರಣವುಂಟು. ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕೂಡುವುದರ ವಿಚಾರವನ್ನು ನಮ್ಮ ವೈಯಾಕರಣರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಅತಿಸೂಕ್ಷ್ಮವಾಗಿ ಚರ್ಚಿಸುತ್ತ ಬಂದಿದ್ದಾರೆ. ಮಳೆ, ಕಾಲ ಎಂಬ ಎರಡು ಪದಗಳು ಕೂಡಿ ‘ಮಳೆಗಾಲ’ವಾಗುವಾಗ ಕಕಾರದ ಸ್ಥಾನಕ್ಕೆ ಗಕಾರವು ಬರುತ್ತದೆ, ಇದು ಆದೇಶ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೂ, ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಇದು ತಿಳಿದ ಸಂಗತಿ. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕೂಡುತ್ತದೆ, ಆದೇಶವು ಶತ್ರುವಿನಂತೆ ಇದ್ದುದನ್ನು ಓಡಿಸಿ ತಾನು ಆ ಸ್ಥಾನದಲ್ಲಿ ಕೂಡುತ್ತದೆ ಎಂಬುದು ಪಂಡಿತರ ವಾಡಿಕೆಯ ಮಾತು. ಗಣಕಯಂತ್ರದಲ್ಲಿ ಹೊಸ ಘಟಕವನ್ನು ಸೇರಿಸುವುದು ಆಗಮ. ಇದ್ದ ಘಟಕವನ್ನು ಬದಲಿಸುವುದು ಆದೇಶ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಈ ಕಷ್ಟದ ಸ್ವರೂಪವನ್ನು ತಿಳಿಯಲು ಸರ್ವರ್ ಎಂಬುದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ನೋಡೋಣ.

ಪರೀಕ್ಷೆಯ ಫಲಿತಾಂಶವನ್ನು ನೋಡಬೇಕೆಂದು ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲ್ ಫೋನಿನಲ್ಲಿ ಸಂಖ್ಯೆಯನ್ನು ಒತ್ತಿದಾಗ, ಆ ಬಿನ್ನಹವು ದೂರದ ಒಂದು ಗಣಕಯಂತ್ರಕ್ಕೆ ತಲಪುತ್ತದೆ. ಬಿನ್ನಹವನ್ನು ಸ್ವೀಕರಿಸಿ ಉತ್ತರವನ್ನು ಕಳಿಸುವ ಆ ವ್ಯವಸ್ಥೆಗೆ ವೆಬ್ ಸರ್ವರ್ ಎಂದು ಹೆಸರು. ಉತ್ತರವನ್ನು ಸಿದ್ಧಪಡಿಸುವ ನಿಯಮಗಳೆಲ್ಲ ಕಡತಗಳ ರೂಪದಲ್ಲಿ ಡಿಸ್ಕಿನಲ್ಲಿ ಇರುತ್ತವೆ. ಒಂದೊಂದು ಕಡತವೂ ಒಂದೊಂದು ಘಟಕ, ಅಂದರೆ ಮಾಡ್ಯೂಲ್. ಅಂಕಗಳನ್ನು ಕೂಡಿಸುವುದಕ್ಕೆ ಒಂದು, ಶುಲ್ಕವನ್ನು ಗಣಿಸುವುದಕ್ಕೆ ಇನ್ನೊಂದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೆ ಮತ್ತೊಂದು, ಹೀಗೆ. ಆದರೆ ಸರ್ವರು ಪ್ರತಿ ಬಿನ್ನಹಕ್ಕೂ ಈ ಕಡತಗಳನ್ನು ತೆರೆದು ಓದುತ್ತ ಕೂಡುವುದಿಲ್ಲ. ಪ್ರಾರಂಭದಲ್ಲಿ ಒಮ್ಮೆ ಓದಿ, ಅರ್ಥವಿಸಿ, ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡುಬಿಡುತ್ತದೆ. ಕಂಠಪಾಠ ಮಾಡಿದ ಶಾಸ್ತ್ರಿಗಳು ಪುಸ್ತಕವನ್ನು ತೆರೆಯದೆಯೇ ಪಾಠವೊಪ್ಪಿಸುವಂತೆ, ಅಲ್ಲಿಂದ ಮುಂದೆ ಅದು ಸ್ಮೃತಿಯಿಂದಲೇ ಉತ್ತರಿಸುತ್ತದೆ. ಅದರ ವೇಗದ ಗುಟ್ಟೂ ಇದೇ, ತೊಡಕಿನ ಮೂಲವೂ ಇದೇ. ತಾಳೆಗರಿಯಲ್ಲಿದ್ದ ಪಾಠದೋಷವನ್ನು ಯಾರೋ ತಿದ್ದಿದ ಮಾತ್ರಕ್ಕೆ ಕಂಠಪಾಠದವರ ನಾಲಗೆಯ ಮೇಲಿನ ದೋಷವು ತಿದ್ದಿಹೋಗುವುದಿಲ್ಲವಷ್ಟೆ. ಹಾಗೆಯೇ, ಡಿಸ್ಕಿನಲ್ಲಿಯ ಕಡತವನ್ನು ತಿದ್ದಿದರೂ ನಡೆಯುತ್ತಿರುವ ಸರ್ವರು ಹಳೆಯ ಪಾಠವನ್ನೇ ಒಪ್ಪಿಸುತ್ತಿರುತ್ತದೆ.

ಅತ್ಯಂತ ಸರಳವಾದ ಉಪಾಯವೆಂದರೆ ಸರ್ವರನ್ನು ನಿಲ್ಲಿಸಿ ಪುನಃ ಆರಂಭಿಸುವುದು. ರೈಲ್ವೆ ಟಿಕೇಟುಗಳನ್ನು ಕಾಯ್ದಿರಿಸುವ ಜಾಲತಾಣವು ಬಹುಕಾಲ ಮಧ್ಯರಾತ್ರಿಯ ಆಸುಪಾಸಿನಲ್ಲಿ ಸುಮಾರು ಅರ್ಧಗಂಟೆಯ ಹೊತ್ತು ಬಾಗಿಲು ಮುಚ್ಚುವ ಪದ್ಧತಿಯನ್ನು ಇಟ್ಟುಕೊಂಡು ಬಂದಿದ್ದುದು ಪ್ರಯಾಣಿಕರಿಗೆಲ್ಲ ಗೊತ್ತು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ದೇವಾಲಯಕ್ಕೂ ಬಾಗಿಲು ಹಾಕುವ ವೇಳೆ ಉಂಟು. ಇನ್ನೊಂದು ಉಪಾಯವು ಇದಕ್ಕೆ ವಿರುದ್ಧವಾದುದು: ಕಂಠಪಾಠವನ್ನೇ ಬಿಟ್ಟು, ಪ್ರತಿಸಲವೂ ಪುಸ್ತಕವನ್ನು ತೆರೆದು ಓದುವುದು. ೧೯೯೫ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬವರು ಲೋಕಕ್ಕೆ ನೀಡಿದ ಪಿಎಚ್‌ಪಿ ಎಂಬ ಭಾಷೆಯ ಕ್ರಮ ಇದು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಈ ಭಾಷೆಯಲ್ಲಿ ರಚಿತವಾದ ತಂತ್ರಾಂಶದ ಮೇಲೆಯೇ ನಡೆಯುತ್ತಿದೆ. ಕಡತವನ್ನು ತಿದ್ದಿದ ಮರುಕ್ಷಣವೇ ಫಲ ಕಾಣುವುದು ಇದರ ಅನುಕೂಲ. ಆದರೆ ಪ್ರತಿಸಲ ಓದುವ ಶ್ರಮವು ಸಣ್ಣದಲ್ಲವಾದುದರಿಂದ, ಒಮ್ಮೆ ಅರ್ಥವಿಸಿದ್ದನ್ನು ಬದಿಯಲ್ಲಿ ಇಟ್ಟುಕೊಂಡು, ಕಡತವು ಬದಲಾಗಿದೆಯೇ ಎಂದು ಆಗಾಗ ಇಣುಕಿ ನೋಡುವ ಏರ್ಪಾಡು ಮುಂದೆ ಅದಕ್ಕೂ ಬಂದಿತು. ಸಾಮಾನ್ಯ ಏರ್ಪಾಡಿನಲ್ಲಿ ಎರಡು ಸೆಕೆಂಡುಗಳಿಗೊಮ್ಮೆ ಇಣುಕುವುದುಂಟು.

ಈ ‘ಇಣುಕಿ ನೋಡುವುದು’ ಎಂಬುದೇ ಮೂರನೆಯ ಉಪಾಯದ ಜೀವಾಳ. ಇದನ್ನು ಅತ್ಯಂತ ಸ್ವಚ್ಛವಾಗಿ ತೋರಿಸುವ ದೃಷ್ಟಾಂತವು ಅಪಾಚೆ ಎಂಬ ಪ್ರಸಿದ್ಧ ಸರ್ವರಿನೊಳಗೆ ಪರ್ಲ್ ಭಾಷೆಯನ್ನು ನೆಲೆಗೊಳಿಸಿದ ಮಾಡ್‌ಪರ್ಲ್ ಎಂಬ ವ್ಯವಸ್ಥೆಯದು. ಪರ್ಲ್ ಭಾಷೆಯು ತಾನು ಯಾವ ಯಾವ ಘಟಕಗಳನ್ನು ಯಾವ ಯಾವ ಕಡತಗಳಿಂದ ಓದಿದ್ದೇನೆಂಬುದರ ಹಾಜರಿ ಪುಸ್ತಕವೊಂದನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಒಂದು ಘಟಕದ ಹೆಸರು ಈ ಪುಸ್ತಕದಲ್ಲಿದ್ದರೆ ಅದನ್ನು ಎರಡನೆಯ ಸಲ ಓದುವುದಿಲ್ಲ. ಮರುಪಾಠದ ಕೆಲಸಕ್ಕೆಂದೇ ನಿರ್ಮಿಸಿದ ಒಂದು ಸಣ್ಣ ಘಟಕವು ಪ್ರತಿಯೊಂದು ಬಿನ್ನಹದ ಆರಂಭದಲ್ಲಿ ಈ ಹಾಜರಿ ಪುಸ್ತಕವನ್ನು ತೆರೆದು, ಒಂದೊಂದು ಕಡತವೂ ಕೊನೆಯ ಬಾರಿ ತಿದ್ದಲ್ಪಟ್ಟ ವೇಳೆಯನ್ನು ತಾನು ಮೊದಲು ಬರೆದಿಟ್ಟುಕೊಂಡ ವೇಳೆಯೊಡನೆ ಹೋಲಿಸುತ್ತದೆ. ವೇಳೆ ಒಂದೇ ಆಗಿದ್ದರೆ ಮುಂದೆ ಹೋಗುತ್ತದೆ. ಬೇರೆಯಾಗಿದ್ದರೆ ಆ ಹೆಸರನ್ನು ಹಾಜರಿಯಿಂದ ಹೊಡೆದುಹಾಕಿ, ಹೊಸದಾಗಿ ಓದಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಕಡತದಲ್ಲಿ ಏನು ಬದಲಾಯಿತೆಂಬುದನ್ನು ಅದು ನೋಡುವುದೇ ಇಲ್ಲ. ಎಂದು ಬದಲಾಯಿತೆಂಬುದನ್ನು ಮಾತ್ರ ನೋಡುತ್ತದೆ.

ನೂರಾರು ಘಟಕಗಳಿದ್ದಲ್ಲಿ ಪ್ರತಿ ಬಿನ್ನಹಕ್ಕೂ ಇಷ್ಟೆಲ್ಲ ಹಾಜರಿ ಕರೆಯುವುದು ದುಬಾರಿ. ಆದುದರಿಂದ ಅದರ ನಿರ್ಮಾಪಕರು ಒಂದು ಜಾಣ್ಮೆಯ ಕಿಂಡಿಯನ್ನು ಇಟ್ಟರು. ಗುರುತಿನ ಕಡತವೆಂದು ಒಂದನ್ನು ಗೊತ್ತುಮಾಡಿ, ಅದರ ವೇಳೆ ಬದಲಾದಾಗ ಮಾತ್ರ ಉಳಿದವುಗಳ ಹಾಜರಿ ಕರೆಯುವಂತೆ ಏರ್ಪಡಿಸಬಹುದು. ಶಾಲೆಯ ಗಂಟೆ ಬಾರಿಸಿದಾಗ ಮಾತ್ರ ಮಕ್ಕಳು ಸಾಲುಗಟ್ಟುವಂತೆ ಇದು. ತಿದ್ದುವ ಕೆಲಸವೆಲ್ಲ ಮುಗಿಯುವವರೆಗೆ ಗಂಟೆಯನ್ನು ಮುಟ್ಟದಿದ್ದರೆ ಆಯಿತು. ೨೦೦೫ರಿಂದ ಈಚೆಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಕಡತವು ಬದಲಾದೊಡನೆ ವ್ಯವಸ್ಥೆಯೇ ಮುಂದಾಗಿ ಸುದ್ದಿ ಮುಟ್ಟಿಸುವ ಸೌಕರ್ಯವೂ ಬಂದಿದೆ. ಹಾಗಾಗಿ ಪದೇ ಪದೇ ಇಣುಕುವ ಕಷ್ಟವೂ ತಪ್ಪಿತು.

ಇಷ್ಟರಿಂದ ಕಾರ್ಯ ಸಿದ್ಧಿಸಿತೆಂದು ತಿಳಿಯುವಂತಿಲ್ಲ. ಓದಿಸುವುದು ಸುಲಭ, ಓದಿಸಿದ್ದು ಹಳೆಯದರ ಸ್ಥಾನದಲ್ಲಿ ಸರಿಯಾಗಿ ಕೂಡಬೇಕಲ್ಲ? ಇಲ್ಲಿ ಪಾಣಿನಿಯ ಸ್ಥಾನಿವದ್ಭಾವವು ನೆನಪಿಗೆ ಬರುತ್ತದೆ. ಯಾವುದರ ಸ್ಥಾನಕ್ಕೆ ಆದೇಶವು ಬಂದಿತೋ ಅದು ಸ್ಥಾನಿ. ಆದೇಶವು ಸ್ಥಾನಿಯಂತೆಯೇ ಪರಿಗಣಿಸಲ್ಪಡಬೇಕು, ಆದರೆ ಸ್ಥಾನಿಯ ವರ್ಣವನ್ನೇ ನೆಚ್ಚಿದ ವಿಧಿಗಳಲ್ಲಿ ಮಾತ್ರ ಹಾಗಲ್ಲ ಎಂಬುದು ಅದರ ತಾತ್ಪರ್ಯ. ಸಂಸ್ಕೃತದಲ್ಲಿ ‘ಅಸ್’ ಧಾತುವಿನ ಸ್ಥಾನಕ್ಕೆ ‘ಭೂ’ ಬಂದಾಗ, ಅಸ್ ಎಂಬುದು ಧಾತುವಾದ್ದರಿಂದ ಭೂ ಎಂಬುದಕ್ಕೂ ಧಾತುವೆಂಬ ಅಧಿಕಾರ ಲಭಿಸಿ, ಧಾತುವಿಗೆ ವಿಧಿಸಿದ ಪ್ರತ್ಯಯಗಳು ಯಾವ ಅಡ್ಡಿಯೂ ಇಲ್ಲದೆ ಬಂದು ಹತ್ತುತ್ತವೆ. ಘಟಕವನ್ನು ಬದಲಿಸುವವರು ಪಾಲಿಸಬೇಕಾದ ನಿಯಮವೂ ಅಕ್ಷರಶಃ ಇದೇ ಆಗಿದೆ. ಶುಲ್ಕವನ್ನು ಗಣಿಸುವ ಹಳೆಯ ಘಟಕಕ್ಕೆ ವರ್ಗ ಮತ್ತು ಪ್ರವರ್ಗ ಎಂಬ ಎರಡು ವಿವರಗಳನ್ನು ಕೊಟ್ಟರೆ ಒಂದು ಮೊತ್ತವನ್ನು ಹೇಳುತ್ತಿದ್ದರೆ, ಹೊಸ ಘಟಕವೂ ಅದೇ ಹೆಸರಿನಲ್ಲಿ, ಅದೇ ಎರಡು ವಿವರಗಳನ್ನು ಪಡೆದು, ಒಂದು ಮೊತ್ತವನ್ನೇ ಹೇಳಬೇಕು. ಒಳಗಿನ ಲೆಕ್ಕ ಹೇಗಾದರೂ ಬದಲಾಗಲಿ. ಮೂರು ವಿವರಗಳನ್ನು ಕೇಳತೊಡಗಿದರೆ, ಬದಲಾಗದೆ ಉಳಿದ ಘಟಕಗಳು ಎರಡನ್ನೇ ಕೊಡುತ್ತ ಮುಗ್ಗರಿಸುತ್ತವೆ. ಇನ್ನು, ಹೊರಗಿನ ಯಾವುದಾದರೂ ಘಟಕವು ಹಳೆಯದರ ಒಳಗನ್ನು ಇಣುಕಿ, ಅದರ ಒಳರಚನೆಯನ್ನೇ ನೆಚ್ಚಿ ಕೆಲಸ ಮಾಡುತ್ತಿದ್ದರೆ, ಅದು ಪಾಣಿನಿಯು ಹೊರಗಿಟ್ಟ ವರ್ಣಾಶ್ರಯ ವಿಧಿಯಂತೆಯೇ. ಅಲ್ಲಿ ಆದೇಶವು ಸ್ಥಾನಿಯ ಹೆಸರಿನಲ್ಲಿ ನಡೆಯಲಾರದು. ಇಷ್ಟು ದೂರದ ಎರಡು ಶಾಸ್ತ್ರಗಳು ಒಂದೇ ಅಪವಾದವನ್ನು ಕಂಡುಕೊಂಡುದು ನನಗಂತೂ ಆನಂದದ ಸಂಗತಿ.

ಇನ್ನೊಂದು ತೊಡಕು ಇದಕ್ಕಿಂತ ನಿಗೂಢವಾದುದು. ಪೈಥಾನ್ ಭಾಷೆಯಲ್ಲಿ ಘಟಕವನ್ನು ಮರಳಿ ಓದಿಸುವ ಆಜ್ಞೆಯಿದೆ. ಆದರೆ ಹಳೆಯ ಪಾಠದ ಪ್ರಕಾರ ಈಗಾಗಲೇ ನಿರ್ಮಾಣಗೊಂಡು ಸ್ಮೃತಿಯಲ್ಲಿರುವ ವಸ್ತುಗಳು, ಘಟಕವು ಹೊಸದಾದ ಮೇಲೂ ಹಳೆಯ ನಿಯಮಗಳನ್ನೇ ಅನುಸರಿಸುತ್ತಿರುತ್ತವೆ. ಹೊಸದಾಗಿ ಹುಟ್ಟಿದವುಗಳಿಗೆ ಮಾತ್ರ ಹೊಸ ನಿಯಮ. ಅಂದರೆ ಒಂದೇ ಯಂತ್ರದಲ್ಲಿ, ಒಂದೇ ನಿಮಿಷದಲ್ಲಿ, ಒಬ್ಬ ವಿದ್ಯಾರ್ಥಿಯ ಶುಲ್ಕವು ಹಳೆಯ ದರದಲ್ಲಿಯೂ ಇನ್ನೊಬ್ಬನದು ಹೊಸ ದರದಲ್ಲಿಯೂ ಗಣಿಸಲ್ಪಡಬಹುದು. ಯಂತ್ರವು ಕೆಟ್ಟು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಹೀಗೆ ಎರಡು ನಾಲಗೆಯಲ್ಲಿ ಮಾತಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಜಾವಾ ಭಾಷೆಯ ಟಾಮ್‌ಕ್ಯಾಟ್ ಎಂಬ ಸರ್ವರಿನಲ್ಲಿ ಬೇರೊಂದು ಪೀಡೆಯುಂಟು. ಅಲ್ಲಿ ಹಳೆಯ ಘಟಕಗಳ ಇಡೀ ಸಂಸಾರವನ್ನೇ ಬಿಟ್ಟು ಹೊಸ ಸಂಸಾರವನ್ನು ಹೂಡುತ್ತಾರೆ. ಹಳೆಯ ಸಂಸಾರದ ಒಬ್ಬನೇ ಒಬ್ಬ ಸದಸ್ಯನನ್ನು ಹೊರಗಿನವರಾರಾದರೂ ಕೈಹಿಡಿದುಕೊಂಡಿದ್ದರೆ ಇಡೀ ಹಳೆಯ ಮನೆಯೇ ಖಾಲಿಯಾಗದೆ ಉಳಿಯುತ್ತದೆ. ಹತ್ತಾರು ಸಲ ಹೀಗಾದರೆ ಸ್ಮೃತಿಯೆಲ್ಲ ಹಾಳುಮನೆಗಳಿಂದ ತುಂಬಿ ಸರ್ವರು ಉಸಿರುಕಟ್ಟಿ ನಿಲ್ಲುತ್ತದೆ. ಈ ಸ್ವಯಂಚಾಲಿತ ಮರುಪಾಠವನ್ನು ಸಾರ್ವಜನಿಕ ಉಪಯೋಗದ ಸರ್ವರಿನಲ್ಲಿ ಇಟ್ಟುಕೊಳ್ಳಬಾರದೆಂದು ಟಾಮ್‌ಕ್ಯಾಟಿನ ಕೈಪಿಡಿಯೇ ಎಚ್ಚರಿಸುತ್ತದೆ.

ಶಿಕ್ಷಕ ಬಂಧುಗಳಿಗೆ ನೇರವಾಗಿ ಸಂಬಂಧಿಸಿದ ತೊಡಕೂ ಒಂದಿದೆ. ಮಕ್ಕಳ ವಿವರಗಳನ್ನು ಜಾಲತಾಣದಲ್ಲಿ ತುಂಬುವಾಗ, ಒಂದು ಗಂಟೆಯ ಶ್ರಮದ ಬಳಿಕ ‘ಪುನಃ ಲಾಗಿನ್ ಆಗಿರಿ’ ಎಂಬ ಸಾಲು ಮೂಡಿ, ತುಂಬಿದ್ದೆಲ್ಲ ಮಾಯವಾದ ಅನುಭವ ನಮ್ಮಲ್ಲಿ ಅನೇಕರಿಗೆ ಆಗಿದೆ. ಇದಕ್ಕೆ ಕಾರಣಗಳು ಹಲವಿದ್ದರೂ ಒಂದನ್ನು ಇಲ್ಲಿ ಹೇಳಬೇಕು. ನಾವು ಯಾರು, ಎಲ್ಲಿಯವರೆಗೆ ತುಂಬಿದ್ದೇವೆ ಎಂಬ ನೆನಪನ್ನು ಕೆಲವು ಸರ್ವರುಗಳು ತಮ್ಮ ಸ್ವಂತ ಸ್ಮೃತಿಯಲ್ಲಿಯೇ ಇಟ್ಟುಕೊಳ್ಳುತ್ತವೆ. ಆಚೆ ಯಾರೋ ಒಬ್ಬರು ಒಂದು ಕಡತವನ್ನು ತಿದ್ದಿ ಸರ್ವರು ಮರುಪಾಠ ಮಾಡಿಕೊಂಡಾಗ ಆ ನೆನಪು ಅಳಿಸಿಹೋಗುತ್ತದೆ. ನೆನಪನ್ನು ಸರ್ವರಿನ ಹೊರಗೆ, ದತ್ತಾಂಶ ಭಂಡಾರದಲ್ಲಿ ಇಟ್ಟಿದ್ದರೆ ಮರುಪಾಠದ ನಂತರವೂ ಅದು ಉಳಿಯುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವೆಂದು ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಕ್ರಾಸಿನ ಇಂಟರ್ನೆಟ್ ಅಂಗಡಿಯ ಮುಂದೆ ಸರದಿಯಲ್ಲಿ ನಿಂತ ತಂದೆ-ಮಗಳಿಗೆ ಈ ವ್ಯತ್ಯಾಸವು ಒಂದು ವರ್ಷದ ಓದಿನ ಪ್ರಶ್ನೆಯಾಗಬಲ್ಲುದು. ಬೆಂಗಳೂರು, ಪುಣೆಗಳಲ್ಲಿ ಇಂಥ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಪುಟವನ್ನು ಓದುವರೆಂಬ ಭರವಸೆಯಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಾವು ಮಾಡಬಹುದಾದುದು, ಸ್ವಲ್ಪ ಸ್ವಲ್ಪ ತುಂಬಿ ಆಗಾಗ ಉಳಿಸುತ್ತ ಹೋಗುವುದು.

ನಿಲ್ಲಿಸಲಾಗದ ಯಂತ್ರ ಎಂಬ ಕಲ್ಪನೆಯು ವೆಬ್ಬಿನಿಂದ ಬಂದುದಲ್ಲ, ದೂರವಾಣಿಯಿಂದ ಬಂದುದು. ಈ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ಸ್ಥಾನವಿದೆ. ಟ್ರಂಕ್ ಕಾಲಿಗೆ ಹೆಸರು ಬರೆಸಿ ಅರ್ಧ ದಿನ ಕಾಯುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಭಾರತ ಸರ್ಕಾರವು ೧೯೮೪ರ ಆಗಸ್ಟ್ ತಿಂಗಳಲ್ಲಿ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಹಳ್ಳಿಗಳ ಧೂಳು, ಬಿಸಿಲುಗಳನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ನಡೆಯಬಲ್ಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು ಆ ಸಂಸ್ಥೆಯವರು ರೂಪಿಸಿದರು. ೧೨೮ ದ್ವಾರಗಳ ಆ ಯಂತ್ರವು ಮೊತ್ತಮೊದಲು ನೆಲೆಗೊಂಡುದು ೧೯೮೬ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ವಿನಿಮಯ ಕೇಂದ್ರದೊಳಗೆ ಕುಳಿತು ತಂತಿಗಳನ್ನು ಜೋಡಿಸುವ ಮನುಷ್ಯರ ಕೆಲಸವನ್ನು ಕ್ರಮವಿಧಿಯು ಕೈಗೊಂಡಿತು. ನಿಯಂತ್ರಣದ ಭಾಗವನ್ನು ಅದರಲ್ಲಿ ಜೋಡಿಯಾಗಿ ಇರಿಸಿದ್ದರು. ಒಂದು ದುಡಿಯುವಾಗ ಇನ್ನೊಂದು ಸನ್ನದ್ಧವಾಗಿ ನಿಂತಿರುತ್ತಿತ್ತು. ರಾತ್ರಿ ಎರಡು ಗಂಟೆಗೆ ವೈದ್ಯರನ್ನು ಕರೆಯುವವನಿಗೆ ಯಂತ್ರವು ದುರಸ್ತಿಯಲ್ಲಿದೆ ಎಂದು ಹೇಳಲಾಗದು ಎಂಬ ಅರಿವೇ ಇಂಥ ಜೋಡಿ ಏರ್ಪಾಡಿನ ಹಿಂದೆ ಇದ್ದುದು.

ಅದೇ ೧೯೮೬ರ ಸುಮಾರಿಗೆ ಸ್ವೀಡನ್ ದೇಶದ ಎರಿಕ್‌ಸನ್ ಎಂಬ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರು ಇದೇ ಚಿಂತೆಯಿಂದ ಒಂದು ಭಾಷೆಯನ್ನು ಕಟ್ಟತೊಡಗಿದರು. ದೂರವಾಣಿ ಕರೆಗಳ ದಟ್ಟಣೆಯನ್ನು ಗಣಿತದಿಂದ ಅಳೆದ ಡೆನ್ಮಾರ್ಕಿನ ವಿದ್ವಾಂಸ ಎರ್ಲಾಂಗ್ ಎಂಬವರ ಹೆಸರೇ ಅದಕ್ಕೆ ಬಂದಿತು. ೧೯೯೮ರಲ್ಲಿ ಅದನ್ನು ಸರ್ವರಿಗೂ ಮುಕ್ತಗೊಳಿಸಲಾಯಿತು. ಇಂದು ನಾವೆಲ್ಲ ಉಪಯೋಗಿಸುವ ವಾಟ್ಸಾಪಿನ ಸರ್ವರುಗಳನ್ನು ಕಟ್ಟಿದುದು ಈ ಭಾಷೆಯಿಂದಲೇ. ಇದರಲ್ಲಿ ಮರುಪಾಠವು ಆಮೇಲೆ ಅಂಟಿಸಿದ ತೇಪೆಯಲ್ಲ, ಭಾಷೆಯ ಹುಟ್ಟುಗುಣ. ಒಂದು ಘಟಕದ ಎರಡು ಪಾಠಗಳು, ಹಳೆಯದು ಮತ್ತು ಪ್ರಚಲಿತ, ಏಕಕಾಲದಲ್ಲಿ ಸ್ಮೃತಿಯಲ್ಲಿ ಇರಬಹುದು. ಹಳೆಯ ಪಾಠದಲ್ಲಿ ಕೆಲಸ ಹಿಡಿದವನು ಅದರಲ್ಲಿಯೇ ಮುಂದುವರಿಯುತ್ತಾನೆ. ಘಟಕದ ಪೂರ್ಣ ಹೆಸರನ್ನು ಹೇಳಿ ಕರೆ ಮಾಡಿದಾಗ ಮಾತ್ರ ಹೊಸ ಪಾಠಕ್ಕೆ ದಾಟುತ್ತಾನೆ. ಮೂರನೆಯ ಪಾಠವು ಬಂದಿತೆಂದರೆ ಅತಿ ಹಳೆಯದಕ್ಕೆ ಸ್ಥಳವಿಲ್ಲ. ಅದರಲ್ಲಿಯೇ ಇನ್ನೂ ತಂಗಿದ್ದ ಕೆಲಸಗಳನ್ನು ಕೊನೆಗೊಳಿಸಲಾಗುತ್ತದೆ. ಶೂನ್ಯಸಂಪಾದನೆಯು ನಾಲ್ವರು ಸಂಪಾದಕರಿಂದ ನಾಲ್ಕು ರೂಪಗಳನ್ನು ಪಡೆದರೂ ನಾಲ್ಕೂ ನಮಗೆ ಉಳಿದುಬಂದಿವೆ. ಯಂತ್ರಕ್ಕೆ ಅಷ್ಟು ಉದಾರತೆ ಇಲ್ಲ, ಎರಡೇ ಅದರ ಮಿತಿ.

ಪಾಠವು ಬದಲಾದಾಗ ಕೈಯಲ್ಲಿ ಹಿಡಿದಿದ್ದ ವಿವರಗಳ ಗತಿಯೇನು? ಇದಕ್ಕೆಂದು ಎರ್ಲಾಂಗಿನಲ್ಲಿ ಪ್ರತ್ಯೇಕ ಅವಕಾಶವಿದೆ. ಹಳೆಯ ಪಾಠವು ಹಿಡಿದಿದ್ದ ವಿವರಗಳನ್ನು ಹೊಸ ಪಾಠಕ್ಕೆ ಒಗ್ಗುವ ರೂಪಕ್ಕೆ ತಿರುಗಿಸುವ ಒಂದು ವಿಧಿಯನ್ನು ಕ್ರಮವಿಧಿಕಾರನೇ ಬರೆದಿಡಬಹುದು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಸೇರಿಸುವ ಕ್ರಮವನ್ನು ಬಲ್ಲವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಎರಡು ಹಾಸುಗಳ ನೂಲು ಬೇರೆ, ಬಣ್ಣ ಬೇರೆ. ಆದರೆ ಎಳೆಗಳು ಒಂದಕ್ಕೊಂದು ಸರಿಹೊಂದಬೇಕು. ಒಂದು ಎಳೆ ತಪ್ಪಿದರೂ ಅಲ್ಲಿಂದ ಮುಂದೆ ಬಟ್ಟೆಯುದ್ದಕ್ಕೂ ಅದು ಕಾಣುತ್ತದೆ. ಕೊಂಡಿ ಹಾಕುವುದಕ್ಕೆ ನೇಯುವುದಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಈ ತಿರುಗಿಸುವ ವಿಧಿಯನ್ನು ಬರೆಯುವುದಕ್ಕೂ ಹಾಗೆಯೇ.

ಸಾಮಾನ್ಯ ಸರ್ವರುಗಳಿಗೆ ಇಷ್ಟೊಂದು ಸಾಹಸ ಬೇಕಿಲ್ಲ. ಅಪಾಚೆಯಲ್ಲಿಯೂ, ರಷ್ಯಾದ ಇಗೋರ್ ಸಿಸೋಯೆವ್ ಅವರು ೨೦೦೪ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಎಂಬುದರಲ್ಲಿಯೂ ಇರುವ ಸೌಮ್ಯವಾದ ಮಾರ್ಗವನ್ನು ಶ್ರೀಮಠದ ದಾಸೋಹದ ಪಂಕ್ತಿಯಿಂದ ವಿವರಿಸಬಹುದು. ಪಂಕ್ತಿಯಲ್ಲಿ ಆಗಲೇ ಕುಳಿತವರನ್ನು ಯಾರೂ ಎಬ್ಬಿಸುವುದಿಲ್ಲ. ಅವರಿಗೆ ಬಡಿಸುತ್ತಿದ್ದವರು ಅದೇ ಅಡಿಗೆಯನ್ನು ಕೊನೆಯವರೆಗೆ ಬಡಿಸಿ, ಪಂಕ್ತಿ ಏಳುತ್ತಲೇ ತಾವೂ ಕೈತೊಳೆದು ಹೊರಡುತ್ತಾರೆ. ಬಾಗಿಲಲ್ಲಿ ನಿಂತ ಹಿರಿಯರು ಹೊಸದಾಗಿ ಬಂದವರನ್ನು ಮಾತ್ರ ಹೊಸ ಬಡಿಸುವವರ ಪಂಕ್ತಿಗೆ ಕೂಡಿಸುತ್ತಾರೆ. ಮುಖ್ಯ ಪ್ರಕ್ರಿಯೆಯೊಂದು ಬಾಗಿಲನ್ನು ಬಿಡದೆ ಕಾಯುತ್ತದೆ. ಕೆಲಸಗಾರ ಪ್ರಕ್ರಿಯೆಗಳು ಮಾತ್ರ ಸರದಿಯಂತೆ ಬದಲಾಗುತ್ತವೆ. ಯಾರೊಬ್ಬರಿಗೂ ಅರ್ಧ ಹಳೆಯ, ಅರ್ಧ ಹೊಸ ಅಡಿಗೆ ಸಿಗುವ ಸಂಭವವಿಲ್ಲ. ನನ್ನ ತಿಳುವಳಿಕೆಗೆ ಎಟುಕಿದ ಮಟ್ಟಿಗೆ, ಸಾರ್ವಜನಿಕರ ಕೆಲಸಕ್ಕೆ ಇದಕ್ಕಿಂತ ಯೋಗ್ಯವಾದ ಕ್ರಮವಿಲ್ಲ.

ಇದರೊಡನೆ ಇನ್ನೊಂದು ಎಚ್ಚರವೂ ಬೇಕು. ಹತ್ತು ಕಡತಗಳನ್ನು ತಿದ್ದಿ ಸರ್ವರಿಗೆ ಕಳಿಸುವಾಗ, ಐದು ತಲಪಿ ಐದು ಇನ್ನೂ ದಾರಿಯಲ್ಲಿರುವ ಕ್ಷಣವೊಂದು ಇದ್ದೇ ಇರುತ್ತದೆ. ಇಣುಕುವ ಕಾವಲುಗಾರನು ಆ ಕ್ಷಣದಲ್ಲಿಯೇ ಇಣುಕಿದರೆ ಬೆರಕೆ ಪಾಠವೇ ಅವನಿಗೆ ಸಿಗುತ್ತದೆ. ಅದಕ್ಕಾಗಿ ಅನುಭವಿಗಳು ಹತ್ತನ್ನೂ ಬೇರೆಯೇ ಒಂದು ಕೋಣೆಯಲ್ಲಿ ಮೊದಲು ಪೂರ್ಣವಾಗಿ ಜೋಡಿಸುತ್ತಾರೆ. ಆಮೇಲೆ, ಕ್ರಾಸಿನ ದಾರಿಫಲಕವನ್ನು ತಿರುಗಿಸುವಂತೆ, ಹಳೆಯ ಕೋಣೆಯತ್ತ ಬೆರಳು ತೋರಿಸುತ್ತಿದ್ದ ಒಂದೇ ಒಂದು ಗುರುತನ್ನು ಹೊಸ ಕೋಣೆಯತ್ತ ತಿರುಗಿಸುತ್ತಾರೆ. ದೋಷ ಕಂಡುಬಂದರೆ ಫಲಕವನ್ನು ಹಿಂದಕ್ಕೆ ತಿರುಗಿಸಲೂಬಹುದು. ಹಳೆಯ ಕೋಣೆ ಹಾಗೆಯೇ ಇರುತ್ತದೆ.

ಹಾಗಾದರೆ ತಾನಾಗಿಯೇ ನಡೆಯುವ ಮರುಪಾಠವು ನಿರುಪಯೋಗಿಯೇ ಎಂದರೆ ಅಲ್ಲ. ಅದರ ಸ್ಥಾನವು ಕಲಿಕೆಯ ಕೋಣೆ. ದಾನಿಗಳ ಔದಾರ್ಯದಿಂದ ಗಣಕಯಂತ್ರಗಳು ಬಂದ ಶಾಲೆಗಳಲ್ಲಿ ಮಕ್ಕಳಿಗೆ ಇದನ್ನು ಪ್ರತ್ಯಕ್ಷವಾಗಿ ತೋರಿಸಲು ಇಂಟರ್ನೆಟ್ ಸಂಪರ್ಕವೂ ಬೇಕಿಲ್ಲ. ಪೈಥಾನ್ ಭಾಷೆಯ ಜ್ಯಾಂಗೊ ಎಂಬ ಉಚಿತ ತಂತ್ರಾಂಶವನ್ನು ಒಮ್ಮೆ ಸ್ಥಾಪಿಸಿಕೊಂಡರೆ ಅದರ ಅಭ್ಯಾಸದ ಸರ್ವರು ಸಿದ್ಧವಾಗಿರುತ್ತದೆ. ಅದು ಒಂದೊಂದು ಸೆಕೆಂಡಿಗೂ ಕಡತಗಳ ವೇಳೆಯನ್ನು ನೋಡುತ್ತದೆ; ಬದಲಾವಣೆ ಕಂಡೊಡನೆ ಘಟಕವೊಂದನ್ನೇ ಬದಲಿಸುವ ಗೋಜಿಗೆ ಹೋಗದೆ ಸರ್ವರನ್ನೇ ತಾನಾಗಿ ಪುನರಾರಂಭಿಸುತ್ತದೆ. ಮಗುವೊಂದು ‘ನಮಸ್ಕಾರ’ ಎಂದು ಇದ್ದುದನ್ನು ‘ಶರಣು’ ಎಂದು ತಿದ್ದಿ ಕಡತವನ್ನು ಉಳಿಸಲಿ. ಪರದೆಯ ಕಪ್ಪು ಕಿಟಕಿಯಲ್ಲಿ, ಯಾವ ಕಡತ ಬದಲಾಯಿತೆಂಬ ಸಾಲು ತನ್ನಷ್ಟಕ್ಕೆ ಮೂಡುತ್ತದೆ. ಪುಟವನ್ನು ಮತ್ತೆ ತೆರೆದರೆ ಹೊಸ ಪದ ಕಾಣುತ್ತದೆ. ಬಳಿಕ ಬೇಕೆಂದೇ ಒಂದು ಆವರಣ ಚಿಹ್ನೆಯನ್ನು ಅಳಿಸಿ ಉಳಿಸಿದರೆ ಪುಟವು ತೆರೆಯದೆ, ಅದೇ ಕಪ್ಪು ಕಿಟಕಿಯಲ್ಲಿ ದೋಷದ ವಿವರವು, ಅದು ಯಾವ ಸಾಲಿನಲ್ಲಿದೆಯೆಂಬ ಸಂಖ್ಯೆಯ ಸಮೇತ ಬರುತ್ತದೆ. ಚಿಹ್ನೆಯನ್ನು ಮರಳಿ ಬರೆದು ಉಳಿಸಿದ ಮೇಲೆ, ಒಂದೆರಡು ಸೆಕೆಂಡುಗಳಲ್ಲಿ ‘ಶರಣು’ ಎಂಬುದು ಪುನಃ ಕಾಣಿಸಿಕೊಳ್ಳುತ್ತದೆ.